ಮಂಚದ ತುದಿಯಿಂದ ಕಿಟಕಿಯ ಪಕ್ಕಕ್ಕೆ

ಪ್ರಶ್ನೆ: ನನಗೆ ೩೨ ವರ್ಷ. ದಾವಣಗೆರೆಯಲ್ಲಿ ಚಿತ್ರಕಲೆ ಓದಿದೆ. ಮದುವೆಯಾಗಿ ಮಗ ಹುಟ್ಟಿದ ಮೇಲೆ ಏಳು ವರ್ಷ ಕುಂಚ ಮುಟ್ಟಲಿಲ್ಲ. ಹೋದ ವರ್ಷ ತಮ್ಮ ಒಂದು ಪೆನ್ ಟ್ಯಾಬ್ಲೆಟ್ ತಂದುಕೊಟ್ಟ. ಈಗ ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆದುಕೊಡುವ ಸಣ್ಣಪುಟ್ಟ ಕೆಲಸ ಸಿಗುತ್ತಿದೆ. ಮನೆಯಲ್ಲಿ ಇರುವುದು ಎರಡು ಕೋಣೆ, ಅತ್ತೆ ಮಾವ ಸೇರಿ ಐದು ಜನ. ಮಂಚದ ತುದಿಯಲ್ಲಿ ಕೂತು ತೊಡೆಯ ಮೇಲೆ ಟ್ಯಾಬ್ಲೆಟ್ ಇಟ್ಟುಕೊಂಡು ಬರೆಯುತ್ತೇನೆ. ಅಲ್ಲಿನ ಸ್ವಿಚ್‌ಬೋರ್ಡ್ ಹಳೆಯದು, ಕೆಲವು ಸಲ ಲ್ಯಾಪ್‌ಟಾಪ್ ಮುಟ್ಟಿದರೆ ಕೈ ಜುಮ್ ಅನ್ನುತ್ತದೆ. ಮಗ ಶಾಲೆಯಿಂದ ಬರುವ ಹೊತ್ತಿಗೆ ವೈರು ಸುತ್ತಿ ಎಲ್ಲವನ್ನೂ ಬೀರುವಿಗೆ ಸೇರಿಸುತ್ತೇನೆ. ಎಲ್ಲ ಎತ್ತಿಟ್ಟ ಮೇಲೆ ಇಡೀ ದಿನ ನಾನು ಏನೂ ಮಾಡೇ ಇಲ್ಲವೇನೋ ಅನಿಸುತ್ತದೆ. ಅತ್ತೆ ‘ದಿನಾ ಇದೇನು ಹಾಸೋದು ಎತ್ತೋದು’ ಅನ್ನುತ್ತಾರೆ. ಗಂಡ ‘ಮಾಡು, ಬೇಡ ಅಂದವರ್ಯಾರು’ ಅನ್ನುತ್ತಾರೆ, ಆದರೆ ಎಲ್ಲಿ ಮಾಡಲಿ ಅಂತ ಕೇಳಿದರೆ ಉತ್ತರವಿಲ್ಲ. ಮೊಬೈಲಿನಲ್ಲಿ ಬೇರೆ ಕಲಾವಿದರ ಕೋಣೆ ನೋಡುತ್ತೇನೆ. ಬಿಳಿ ಮೇಜು, ಎರಡು ಸ್ಕ್ರೀನು, ಗಿಡ, ದೀಪ. ನೋಡಿದ ದಿನ ರಾತ್ರಿ ನಿದ್ದೆ ಬರುವುದಿಲ್ಲ. ಸಂಘದಲ್ಲಿ ೫೦ ಸಾವಿರ ಸಾಲ ಎತ್ತಿ ಎಲ್ಲ ಕೊಂಡುಬಿಡಲೇ? ಇಷ್ಟು ಸಣ್ಣ ಕೆಲಸಕ್ಕೆ ಮನೆಯಲ್ಲಿ ಜಾಗ ಕೇಳುವುದು ಸ್ವಾರ್ಥವೇ? ಇನ್ನೊಂದು ಭಯ. ಈಚೆಗೆ ನನ್ನ ಗೆರೆ ನಡುಗುತ್ತಿದೆ. ಏಳು ವರ್ಷದಲ್ಲಿ ಕೈ ಹೋಯಿತೇನೋ. ಪೇಪರಿನ ಮೇಲೆ ಬರೆದು ನೋಡುವ ಧೈರ್ಯವೂ ಇಲ್ಲ.

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ಮೇಜು ಕುರ್ಚಿಯ ಪ್ರಶ್ನೆ ಅನಿಸಿತು. ಎರಡನೆಯ ಸಲ ಒಂದು ಸಾಲಿನ ಹತ್ತಿರ ನಿಂತುಬಿಟ್ಟೆ. ಎಲ್ಲ ಎತ್ತಿಟ್ಟ ಮೇಲೆ ಏನೂ ಮಾಡೇ ಇಲ್ಲವೇನೋ ಅನಿಸುತ್ತದೆ ಎಂದು ಬರೆದಿದ್ದೀರಲ್ಲ, ಆ ಸಾಲು. ಅದರಲ್ಲಿರುವ ನೋವು ನನಗೆ ಅರ್ಥವಾಗುತ್ತದೆ. ಒಲೆಯ ಮುಂದೆ ನಿಂತವರಿಗೆ ಪಾತ್ರೆಯಲ್ಲಿ ಸಾರು ಕಾಣುತ್ತದೆ, ಬಟ್ಟೆ ಒಗೆದವರಿಗೆ ತಂತಿಯ ಮೇಲೆ ಬಟ್ಟೆ ಕಾಣುತ್ತದೆ. ನೀವು ಮೂರು ಗಂಟೆ ಕೂತು ಒಂದು ಆನೆಮರಿಯ ಕಿವಿಯನ್ನು ತಿದ್ದಿ ತಿದ್ದಿ ಸರಿಮಾಡಿರುತ್ತೀರಿ. ಲ್ಯಾಪ್‌ಟಾಪ್ ಮುಚ್ಚಿದರೆ ಮನೆಯಲ್ಲಿ ಅದರ ಗುರುತೇ ಇರುವುದಿಲ್ಲ. ಬಣ್ಣದ ವಾಸನೆ ಇಲ್ಲ, ಒದ್ದೆ ಕುಂಚ ಇಲ್ಲ, ಕಾಗದದ ಚೂರು ಇಲ್ಲ. ದಿನವೂ ಸಂಜೆ ನಿಮ್ಮ ಕೆಲಸವನ್ನು ನಿಮ್ಮ ಕೈಯಾರೆ ಅಳಿಸಿ ಇಟ್ಟ ಹಾಗಾಗುತ್ತದೆ. ಬೇಸರ ಬರುವುದು ಸಹಜ. ಅದನ್ನು ಸ್ವಾರ್ಥ ಎಂದು ಕರೆದುಕೊಳ್ಳಬೇಡಿ.

ನನ್ನ ತಾಯಿ ಹೊಲಿಗೆ ಮಾಡುತ್ತಿದ್ದರು. ನಮ್ಮದೂ ಎರಡೇ ಕೋಣೆಯ ಮನೆ. ಕಾಲಿನಿಂದ ತುಳಿಯುವ ಮಷಿನ್ ನಡುಮನೆಯ ಕಿಟಕಿಯ ಪಕ್ಕದಲ್ಲಿತ್ತು, ಎಡಗಡೆಯಿಂದ ಬೆಳಕು ಬೀಳುವ ಹಾಗೆ. ಅಕ್ಕನ ಮದುವೆಯಲ್ಲಿ ನೂರು ಜನ ಬಂದಾಗಲೂ ಅದನ್ನು ಯಾರೂ ಸರಿಸಲಿಲ್ಲ, ಮೇಲೊಂದು ಬಟ್ಟೆ ಹೊದಿಸಿ ಅದರ ಮೇಲೆ ತಾಂಬೂಲದ ತಟ್ಟೆ ಇಟ್ಟರು. ಅದಕ್ಕೆ ಜಾಗ ಯಾಕೆ ಎಂದು ಕೇಳಿದವರಿಲ್ಲ. ಅದರ ಸದ್ದು ಮನೆಗೆಲ್ಲ ಕೇಳುತ್ತಿತ್ತು, ಹೊಲಿದ ರವಿಕೆ ಕಣ್ಣಿಗೆ ಕಾಣುತ್ತಿತ್ತು. ನಿಮ್ಮ ಕೆಲಸಕ್ಕೆ ಸದ್ದಿಲ್ಲ. ಹಿಂದಿನಿಂದ ನೋಡಿದವರಿಗೆ ನೀವು ಸ್ಕ್ರೀನ್ ನೋಡುತ್ತಾ ಕೂತವರು, ಅಷ್ಟೆ. ಅತ್ತೆಯವರ ಮಾತಿನಲ್ಲಿ ಕೆಟ್ಟ ಮನಸ್ಸಿದೆ ಎಂದು ನನಗೆ ಅನಿಸಲಿಲ್ಲ. ಅವರಿಗೆ ಕಾಣುವುದು ಹಾಸುವುದು ಮತ್ತು ಎತ್ತುವುದು, ಆ ಎರಡೇ. ನಡುವಿನದನ್ನು ಅವರಿಗೆ ಯಾರೂ ತೋರಿಸಿಲ್ಲ.

ಅವರು ಬೆಳಿಗ್ಗೆ ಬಾಗಿಲಿಗೆ ರಂಗೋಲಿ ಹಾಕುವವರಾದರೆ ಒಂದು ದಿನ ಪಕ್ಕದಲ್ಲಿ ನಿಂತು ನೋಡಿ. ಚುಕ್ಕಿ ಇಟ್ಟು ಎಳೆ ಕೂಡಿಸುವಷ್ಟು ಹೊತ್ತು ಬಾಗಿಲ ಮುಂದಿನ ಆ ನಾಲ್ಕು ಅಡಿ ಅವರದು. ಹಾಲಿನವನೂ ಸುತ್ತಿಕೊಂಡು ಬರುತ್ತಾನೆ. ಬರೆಯುವವರಿಗೆ ಯಾರೂ ತುಳಿಯದ ಒಂದು ತುಂಡು ಜಾಗ ಬೇಕು ಎನ್ನುವುದು ನಿಮಗಿಂತ ಮೊದಲೇ ಅವರಿಗೆ ಗೊತ್ತು. ನೀವು ಕೇಳಬೇಕಾದದ್ದು ಅಷ್ಟನ್ನೇ, ಒಳಗಡೆ.

ಸಾಲದ ಮಾತಿಗೆ ಬರುತ್ತೇನೆ, ಇದರಲ್ಲಿ ನಾನು ಗಟ್ಟಿಯಾಗಿ ಹೇಳುತ್ತೇನೆ. ಬೇಡ. ಈಗ ಬೇಡ. ಮೊಬೈಲಿನಲ್ಲಿ ನೀವು ನೋಡುವ ಕೋಣೆಗಳನ್ನು ಒಂದೇ ದಿನ ಜೋಡಿಸಿದ್ದಲ್ಲ, ಎಷ್ಟೋ ವರ್ಷಗಳ ದುಡಿಮೆಯಿಂದ ಒಂದೊಂದಾಗಿ ಕೂಡಿಸಿದ್ದು. ಗಿಡ, ದೀಪ ಇಲ್ಲದ ದಿನಗಳ ಫೋಟೊ ಯಾರೂ ಹಾಕುವುದಿಲ್ಲ. ಸ್ಕ್ರೀನಿನ ಮೇಲೆಯೇ ಬರೆಯುವ ಟ್ಯಾಬ್ಲೆಟ್ ಚೆನ್ನಾಗಿರುತ್ತದೆ, ಆದರೆ ಸ್ಕ್ರೀನ್ ಇಲ್ಲದ ನಿಮ್ಮ ಪೆನ್ ಟ್ಯಾಬ್ಲೆಟ್‌ನಿಂದಲೇ ಹೊಟ್ಟೆ ಹೊರೆಯುವ ಕಲಾವಿದರು ಬೇಕಾದಷ್ಟಿದ್ದಾರೆ. ಅದರಲ್ಲಿ ಕತ್ತು ನೆಟ್ಟಗಿರುತ್ತದೆ ಎನ್ನುವ ಅನುಕೂಲವೂ ಇದೆ. ತಂತ್ರಾಂಶಕ್ಕೂ ದುಡ್ಡು ಸುರಿಯಬೇಕಾಗಿಲ್ಲ. ಕ್ರಿಟಾ ಪೂರ್ತಿ ಉಚಿತ, ಪುಸ್ತಕದ ಚಿತ್ರಕ್ಕೆ ಬೇಕಾದ್ದೆಲ್ಲ ಅದರಲ್ಲಿದೆ. ಈ ಕೆಲಸದಿಂದ ಬಂದ ಹಣದಲ್ಲೇ ಮುಂದಿನದನ್ನು ಕೊಳ್ಳಿ. ಕಂತಿನ ಚಿಂತೆ ತಲೆಯಲ್ಲಿದ್ದರೆ ಕೈಗೆ ಆನೆಮರಿ ಬರುವುದಿಲ್ಲ.

ಹಣಕ್ಕಿಂತ ಮೊದಲು ನಿಮಗೆ ಬೇಕಾದದ್ದು ದಿನವೂ ಎತ್ತಿಡಬೇಕಾಗದ ಒಂದು ಜಾಗ. ಎಷ್ಟು ದೊಡ್ಡದು? ಮೂರು ಅಡಿ ಅಗಲ, ಎರಡು ಅಡಿ ಆಳದ ಮೇಜು, ಕುರ್ಚಿ ಎಳೆದು ಕೂರಲು ಹಿಂದೆ ಇನ್ನೊಂದು ಮೂರು ಅಡಿ. ಗೋಡೆಗೆ ಹತ್ತಿಕೊಂಡು ಕೂರುವ ಮೇಜು ಬೀರುವಿಗಿಂತ ಸ್ವಲ್ಪ ಹೆಚ್ಚು ಜಾಗ ಹಿಡಿಯುತ್ತದೆ, ಕುರ್ಚಿಯ ಜಾಗದಲ್ಲಿ ನೀವು ಕೂರದ ಹೊತ್ತು ಮಿಕ್ಕವರು ಓಡಾಡಬಹುದು. ಟೇಪು ಹಿಡಿದು ಮನೆಯನ್ನು ಅಳೆಯಿರಿ. ಆಮೇಲೆ ಗಂಡನ ಹತ್ತಿರ ಮಾತಾಡಿ. ‘ನನಗೂ ಸ್ವಲ್ಪ ಅವಕಾಶ ಕೊಡಿ’ ಎಂದು ಕೇಳಿದರೆ ‘ಬೇಡ ಅಂದವರ್ಯಾರು’ ಎನ್ನುವ ಉತ್ತರವೇ ಮತ್ತೆ ಬರುತ್ತದೆ, ಯಾಕೆಂದರೆ ಆ ಪ್ರಶ್ನೆಗೆ ಅದೇ ಉತ್ತರ. ‘ಹಾಲಿನ ಕಿಟಕಿಯ ಪಕ್ಕ ಮೂರು ಅಡಿ. ಬೆಳಿಗ್ಗೆ ಹತ್ತರಿಂದ ಮೂರರವರೆಗೆ ನಾನಲ್ಲಿರುತ್ತೇನೆ. ಮೂರು ತಿಂಗಳು ನೋಡೋಣ, ತೊಂದರೆಯಾದರೆ ಮತ್ತೆ ಕೂತು ಮಾತಾಡೋಣ’ ಎಂದು ಹೇಳಿ. ಜಾಗ, ಹೊತ್ತು, ಅವಧಿ ಮೂರೂ ಸ್ಪಷ್ಟವಾಗಿದ್ದರೆ ಒಪ್ಪುವುದು ಅವರಿಗೂ ಸುಲಭ. ಅವರು ಒಲ್ಲೆ ಎನ್ನುವವರಲ್ಲ ಎಂದು ನಿಮ್ಮ ಪತ್ರದಿಂದಲೇ ತಿಳಿಯುತ್ತದೆ. ಇದನ್ನು ಓದುತ್ತಿರುವ ಗಂಡಂದಿರಿಗೂ ಒಂದು ಮಾತು: ಮಾಡು ಎಂದು ಹೇಳಿದ ಮೇಲೆ ಎಲ್ಲಿ ಎನ್ನುವುದನ್ನೂ ಜೊತೆಗೆ ಕೂತು ಹುಡುಕಿ.

ನಾನು ಚಿತ್ರಕಾರಳಲ್ಲ. ನನ್ನ ಅಣ್ಣನ ಮಗಳು ಮೈಸೂರಿನಲ್ಲಿ ಇದೇ ಕೆಲಸ ಮಾಡುತ್ತಾಳೆ, ಅವಳ ಪಕ್ಕದಲ್ಲಿ ಕೂತು ಕಂಡದ್ದನ್ನು, ಕೇಳಿದ್ದನ್ನು ಹೇಳುತ್ತೇನೆ. ಅಂಗಡಿಯಲ್ಲಿ ಸಿಗುವ ಮೇಜುಗಳು ಸಾಮಾನ್ಯವಾಗಿ ೩೦ ಇಂಚು ಎತ್ತರ ಇರುತ್ತವೆ. ಐದು ಅಡಿಯ ಆಸುಪಾಸಿನ ನಮ್ಮ ಹೆಣ್ಣುಮಕ್ಕಳಿಗೆ ಅದು ಎತ್ತರವಾಯಿತು. ಭುಜ ಮೇಲೆ ಏರುತ್ತದೆ, ಸಂಜೆಗೆ ಕತ್ತು ಹಿಡಿಯುತ್ತದೆ. ನೀವು ಕೂರುವ ಕುರ್ಚಿಯಲ್ಲಿ ಪಾದ ನೆಲಕ್ಕೆ ತಾಗುವಂತೆ ಕೂತು, ಭುಜ ಸಡಿಲ ಬಿಟ್ಟು, ಮೊಣಕೈ ಮಡಚಿ. ನೆಲದಿಂದ ಮೊಣಕೈಗೆ ಎಷ್ಟು ಎತ್ತರವೋ ಅಷ್ಟೇ ಮೇಜಿನ ಎತ್ತರ. ಬಡಗಿಗೆ ಆ ಅಳತೆ ಕೊಟ್ಟು ಹಳೆಯ ಮೇಜಿನ ಕಾಲು ಕೊಯ್ಯಿಸಿದರೂ ಆಯಿತು. ಕೊಯ್ಯಲು ಆಗದಿದ್ದರೆ ಕುರ್ಚಿಯ ಮೇಲೆ ಗಟ್ಟಿ ದಿಂಬು ಹಾಕಿ, ಕಾಲ ಕೆಳಗೆ ಮಣೆ ಇಟ್ಟುಕೊಳ್ಳಿ.

ಲ್ಯಾಪ್‌ಟಾಪ್ ಅನ್ನು ಪುಸ್ತಕಗಳ ಮೇಲೆ ಏರಿಸಿ, ಸ್ಕ್ರೀನಿನ ಮೇಲಂಚು ಕಣ್ಣಿನ ಮಟ್ಟಕ್ಕೆ ಬರಲಿ, ದೂರ ಒಂದು ತೋಳಿನಷ್ಟು. ಟ್ಯಾಬ್ಲೆಟ್ ಸರಿಯಾಗಿ ಅದರ ಮುಂದೆ ಇರಬೇಕು, ಎರಡರ ನಡುಭಾಗ ಒಂದೇ ನೇರದಲ್ಲಿ. ಬಹಳ ಜನ ಎದುರಿಗೆ ಲ್ಯಾಪ್‌ಟಾಪ್ ಇಟ್ಟುಕೊಂಡು ಬಲಕ್ಕೆ ಟ್ಯಾಬ್ಲೆಟ್ ಇಡುತ್ತಾರೆ, ಮೈ ತಿರುಚಿಕೊಂಡೇ ವರ್ಷ ಕಳೆಯುತ್ತಾರೆ. ಒಂದು ಸಾದಾ ಕೀಬೋರ್ಡ್ ಎಡಗೈಯ ಕಡೆ ಸಾಕು. ಟ್ಯಾಬ್ಲೆಟ್‌ನ ಸೆಟ್ಟಿಂಗಿನಲ್ಲಿ ಅದರ ಅಗಲ ಉದ್ದದ ಅನುಪಾತ ಸ್ಕ್ರೀನಿಗೆ ಹೊಂದಿದೆಯೇ ನೋಡಿ. ಹೊಂದದಿದ್ದರೆ ನೀವು ಬರೆದ ವೃತ್ತ ಮೊಟ್ಟೆಯಾಗುತ್ತದೆ, ತಪ್ಪು ಕೈಯದೆಂದು ನೀವು ಕೊರಗುತ್ತೀರಿ. ಅಲ್ಲಿಯೇ ಪೆನ್ನಿನ ಒತ್ತಡವನ್ನೂ ಮೃದು ಮಾಡಿಕೊಳ್ಳಿ. ದಪ್ಪ ಗೆರೆಗಾಗಿ ಪೆನ್ನನ್ನು ಒತ್ತಿ ಒತ್ತಿ ಹಿಡಿದವರಿಗೆ ಮಣಿಕಟ್ಟು ನೋಯುತ್ತದೆ.

ಕಿಟಕಿ ಪಕ್ಕಕ್ಕಿರಲಿ, ಬೆನ್ನಿಗೂ ಬೇಡ, ಎದುರಿಗೂ ಬೇಡ. ಬೆನ್ನಿಗಿದ್ದರೆ ಸ್ಕ್ರೀನಿನಲ್ಲಿ ಹೊರಗಿನ ಬೀದಿಯೇ ಕಾಣುತ್ತದೆ, ಎದುರಿಗಿದ್ದರೆ ಕಣ್ಣು ಕುಕ್ಕುತ್ತದೆ. ರಾತ್ರಿ ಮಗ ಮಲಗಿದನೆಂದು ಕತ್ತಲಲ್ಲಿ ಕೂತು ಬರೆಯಬೇಡಿ, ಲ್ಯಾಪ್‌ಟಾಪ್ ಹಿಂದಿನ ಗೋಡೆಗೆ ಬೀಳುವ ಹಾಗೆ ಒಂದು ಬಿಳಿ ದೀಪ ಇರಲಿ. ಕಣ್ಣಿಗೆ ಹಿತ ಎಂದು ರಾತ್ರಿಯ ಹಳದಿ ಸ್ಕ್ರೀನ್ ಹಾಕಿಕೊಳ್ಳುವ ಅಭ್ಯಾಸವಿದ್ದರೆ ಬಣ್ಣ ತುಂಬುವಾಗ ಅದನ್ನು ತೆಗೆದುಬಿಡಿ. ಇಲ್ಲದಿದ್ದರೆ ಬೆಳಿಗ್ಗೆ ನೋಡಿದಾಗ ನಿಮ್ಮ ಆಕಾಶ ನೀವು ತುಂಬಿದ ಬಣ್ಣದ್ದಾಗಿರುವುದಿಲ್ಲ. ಇಪ್ಪತ್ತು ನಿಮಿಷಕ್ಕೊಮ್ಮೆ ಕಣ್ಣೆತ್ತಿ ಇಪ್ಪತ್ತು ಅಡಿ ದೂರದ ಏನನ್ನಾದರೂ ಇಪ್ಪತ್ತು ಸೆಕೆಂಡು ನೋಡಿ ಎಂದು ಕಣ್ಣಿನ ವೈದ್ಯರು ಹೇಳುತ್ತಾರೆ. ಕಿಟಕಿ ಪಕ್ಕದಲ್ಲಿದ್ದರೆ ಅದು ತಾನಾಗಿ ಆಗುತ್ತದೆ.

ಹಾಲಿನಲ್ಲೂ ಜಾಗ ಸಿಗದವರು ಇರುತ್ತಾರೆ. ಒಂದೇ ಕೋಣೆಯ ಬಾಡಿಗೆ ಮನೆಯವರು, ಹಾಸ್ಟೆಲಿನ ಹುಡುಗರು ಇದನ್ನು ಓದುತ್ತಿರಬಹುದು. ನೀವು ಎರಡೂವರೆ ಅಡಿ ಉದ್ದ, ಒಂದೂವರೆ ಅಡಿ ಅಗಲದ ಪ್ಲೈವುಡ್ ಹಲಗೆ ಕೊಯ್ಯಿಸಿ. ಟ್ಯಾಬ್ಲೆಟ್, ಕೀಬೋರ್ಡ್, ಪೆನ್ ಸ್ಟ್ಯಾಂಡ್ ಮೂರನ್ನೂ ಅದರ ಮೇಲೆ ಅಂಟುಪಟ್ಟಿಯಿಂದ ಕೂರಿಸಿ, ವೈರನ್ನು ಹಲಗೆಯ ಅಂಚಿಗೆ ಬಿಗಿಯಿರಿ. ಕೆಲಸ ಮುಗಿದ ಮೇಲೆ ಹಲಗೆಯನ್ನು ಹಾಗೆಯೇ ಮಂಚದ ಕೆಳಗೆ ಜಾರಿಸಿದರಾಯಿತು. ಮರುದಿನ ಎರಡು ನಿಮಿಷದಲ್ಲಿ ಬರೆಯಲು ಕೂರಬಹುದು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವುದು ಒಗ್ಗುವವರಿಗೆ ಹಳೆಯ ಕಾಲದ ಇಳಿಜಾರು ಡೆಸ್ಕೂ ಒಳ್ಳೆಯದೇ. ಜಾಗ ಎಲ್ಲಿಯಾದರೂ ಇರಲಿ, ಕಬ್ಬಿಣದ ಟ್ರಂಕು, ಸ್ಟೀಲ್ ಮೇಜಿನ ಮೇಲೆ ಟ್ಯಾಬ್ಲೆಟ್ ಅನ್ನು ನೇರ ಇಡಬೇಡಿ. ಲೋಹ ಹತ್ತಿರವಿದ್ದರೆ ಪೆನ್ನು ದಾರಿ ತಪ್ಪಬಹುದು.

ಇನ್ನೊಂದು ಕೆಲಸವನ್ನು ನೀವು ತಪ್ಪದೆ ಮಾಡಬೇಕೆಂದು ನನ್ನ ಆಸೆ. ತಿಂಗಳಿಗೆ ಒಂದು ಚಿತ್ರವನ್ನು ಊರಿನ ಡಿಜಿಟಲ್ ಪ್ರಿಂಟ್ ಅಂಗಡಿಯಲ್ಲಿ ಎ೩ ಅಳತೆಯಲ್ಲಿ ಮುದ್ರಿಸಿಕೊಂಡು ಬಂದು ಮೇಜಿನ ಮೇಲಿನ ಗೋಡೆಗೆ ಅಂಟಿಸಿ. ಸ್ಕ್ರೀನಿನಲ್ಲಿ ಹೊಳೆಯುವ ನೀಲಿ, ನೇರಳೆ, ಗಿಳಿಹಸಿರು ಕಾಗದಕ್ಕೆ ಇಳಿದಾಗ ಎಷ್ಟು ಮಂಕಾಗುತ್ತವೆ ಎನ್ನುವುದು ನಿಮಗೆ ತಿಳಿಯುತ್ತದೆ, ಪುಸ್ತಕದ ಕೆಲಸಕ್ಕೆ ಆ ತಿಳಿವಳಿಕೆ ಬೇಕೇ ಬೇಕು. ನೀವು ಹಗಲೆಲ್ಲ ಏನು ಮಾಡಿದಿರಿ ಎನ್ನುವುದು ಮನೆಯವರಿಗೂ ತಿಳಿಯುತ್ತದೆ. ಮೊದಲ ಪ್ರಿಂಟನ್ನು ಅತ್ತೆಯವರ ಕೈಗೆ ಕೊಡಿ. ಹೇಗಿದೆ ಎಂದು ಕೇಳುವ ಬದಲು ಯಾವ ಬಣ್ಣ ಸರಿಯಾಗಿಲ್ಲ ಎಂದು ಕೇಳಿ. ಬಣ್ಣದ ಬಗ್ಗೆ ಅವರಿಗೆ ಹೇಳುವುದು ಇದ್ದೇ ಇರುತ್ತದೆ. ನನ್ನ ಅಣ್ಣನ ಮಗಳ ಮನೆಯಲ್ಲಿ ಎರಡನೆಯ ಪ್ರಿಂಟಿನ ಹೊತ್ತಿಗೆ ಅವಳ ಅಜ್ಜಿ ಕನ್ನಡಕ ಹಾಕಿಕೊಂಡು ಬಂದು ಹಿಂದೆ ನಿಲ್ಲಲು ಶುರುಮಾಡಿದ್ದರು. ಒಂದು ದಿನ ‘ಹಸುವಿನ ಬಾಲ ಹಾಗಿರೋದಿಲ್ಲ’ ಎಂದು ತಿದ್ದಿದರು. ಅಜ್ಜಿಯದೇ ಸರಿಯಾಗಿತ್ತು. ಸಾಧ್ಯವಾದರೆ ವರ್ಷದ ಆರಂಭದಲ್ಲಿ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಕಲಾ ಪರಿಷತ್ತು ನಡೆಸುವ ಚಿತ್ರಸಂತೆಗೂ ಒಮ್ಮೆ ಮನೆಯವರ ಜೊತೆ ಹೋಗಿ ಬನ್ನಿ. ಚಿತ್ರ ಬರೆದು ಬದುಕುವವರನ್ನು ಕಣ್ಣಾರೆ ಕಂಡರೆ ನಿಮ್ಮ ಕೆಲಸ ಮನೆಯವರ ಕಣ್ಣಿಗೆ ಬೇರೆಯಾಗಿ ಕಾಣಲೂಬಹುದು, ನಿಮ್ಮ ಕಣ್ಣಿಗೂ.

ದೇಹದ ಮಾತು ಸ್ವಲ್ಪ. ಕೂರುವ ರೀತಿ ಬದಲಾದ ಮೇಲೂ ಮಣಿಕಟ್ಟು ನೋಯುತ್ತಿದ್ದರೆ, ಹೆಬ್ಬೆರಳು, ತೋರುಬೆರಳು, ನಡುಬೆರಳು ರಾತ್ರಿ ಜೋಮು ಹಿಡಿದು ಎಚ್ಚರವಾಗುತ್ತಿದ್ದರೆ ಮುಲಾಮು ಹಚ್ಚಿಕೊಂಡು ದಿನ ದೂಡಬೇಡಿ. ಮೂಳೆ ವೈದ್ಯರನ್ನೋ ಫಿಸಿಯೋಥೆರಪಿಸ್ಟರನ್ನೋ ಕಾಣಿ. ಬೇಗ ತೋರಿಸಿದಷ್ಟೂ ವಾಸಿಯಾಗುವುದು ಸುಲಭ.

ಮನಸ್ಸಿನದೂ ಹಾಗೆಯೇ. ಬೇರೆಯವರ ಕೋಣೆ ನೋಡಿದ ರಾತ್ರಿ ನಿದ್ದೆ ಬರುವುದಿಲ್ಲ ಎಂದು ಬರೆದಿದ್ದೀರಿ. ಮಲಗುವ ಮುನ್ನ ಅವನ್ನು ನೋಡದೆ ಕೆಲವು ದಿನ ಇದ್ದುನೋಡಿ. ಆದರೆ ನಿದ್ದೆಗೇಡು ಎರಡು ವಾರ ದಾಟಿದರೆ, ಮಗನ ಮಾತೂ ಬೇಸರ ತರಿಸುತ್ತಿದ್ದರೆ, ನಾನಿದ್ದರೆಷ್ಟು ಬಿಟ್ಟರೆಷ್ಟು ಎನ್ನುವ ಯೋಚನೆ ಬರುತ್ತಿದ್ದರೆ ಮೇಜು ಬಂದ ಮೇಲೆ ಸರಿಹೋಗುತ್ತದೆ ಎಂದು ಕಾಯಬೇಡಿ. ೧೪೪೧೬ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಹಗಲು ರಾತ್ರಿ ಇರುತ್ತದೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಏಳು ವರ್ಷ ತನ್ನದೊಂದನ್ನು ಬದಿಗಿಟ್ಟವರಿಗೆ ಒಳಗೆ ಎಷ್ಟೋ ಕಟ್ಟಿಕೊಂಡಿರುತ್ತದೆ. ಅದನ್ನು ಬಿಚ್ಚಿ ಹೇಳಲು ಅನುಭವಸ್ಥರೊಬ್ಬರು ಸಿಕ್ಕರೆ ಹಗುರಾಗುತ್ತದೆ.

ಕೊನೆಗೆ ಉಳಿಸಿಕೊಂಡದ್ದು ನಡುಗುವ ಗೆರೆ. ನಿಮ್ಮನ್ನು ಎಲ್ಲಕ್ಕಿಂತ ಹೆಚ್ಚು ಹೆದರಿಸಿರುವುದು ಅದೇ ಎಂದು ನನಗೆ ಅನಿಸಿತು. ಲ್ಯಾಪ್‌ಟಾಪ್ ಮುಟ್ಟಿದರೆ ಕೈ ಜುಮ್ ಅನ್ನುತ್ತದೆ ಎಂಬುದನ್ನು ನೀವು ಏನೋ ಒಂದು ಮಾತಿಗೆ ಬರೆದಿದ್ದೀರಿ, ಗೆರೆಯ ನಡುಕಕ್ಕೂ ಅದಕ್ಕೂ ನಂಟಿರಬಹುದು. ನನ್ನ ಅಣ್ಣನ ಮಗಳ ಗೆರೆಯೂ ಹೀಗೇ ನಡುಗುತ್ತಿತ್ತು. ಅವಳೂ ಕೈ ಹೋಯಿತೆಂದು ಅತ್ತಿದ್ದಳು. ಅವಳ ಕೋಣೆಯ ಪ್ಲಗ್ಗಿಗೆ ಅರ್ತಿಂಗ್ ಇರಲಿಲ್ಲ. ಅರ್ತಿಂಗ್ ಇಲ್ಲದ ಕಡೆ ಚಾರ್ಜರಿನಿಂದ ಬರುವ ವಿದ್ಯುತ್ತಿನ ಗದ್ದಲ ಟ್ಯಾಬ್ಲೆಟ್‌ಗೂ ಸೇರಿಕೊಳ್ಳುತ್ತದೆ, ಪೆನ್ನು ನಿಂತಲ್ಲೇ ನಿಂತಿದ್ದರೂ ಸ್ಕ್ರೀನಿನ ಮೇಲಿನ ಚುಕ್ಕಿ ಕಂಪಿಸುತ್ತದೆ. ಎಲೆಕ್ಟ್ರಿಷಿಯನ್ ಬಂದು ಮೂರು ಪಿನ್ನಿನ ಸಾಕೆಟ್ಟಿಗೆ ಅರ್ತ್ ತಂತಿ ಕೊಟ್ಟ ದಿನವೇ ಅವಳ ಗೆರೆ ನೆಟ್ಟಗಾಯಿತು. ಮೆತ್ತನೆಯ ಹಾಸಿಗೆಯ ಮೇಲೆ, ಅಲುಗುವ ತೊಡೆಯ ಮೇಲೆ ಇಟ್ಟ ಟ್ಯಾಬ್ಲೆಟ್‌ನಲ್ಲಿ ಎಂಥ ಪಳಗಿದ ಕೈಯಾದರೂ ತುಸು ಅಲುಗುತ್ತದೆ, ಅದು ಬೇರೆ. ಮಂಚದ ಪಕ್ಕದ ಆ ಬೋರ್ಡನ್ನು ಹೇಗೂ ತೋರಿಸಿ ಸರಿಪಡಿಸಿಕೊಳ್ಳಿ, ಮನೆಯಲ್ಲಿ ಮಗು ಇದೆ. ಅಲ್ಲಿಯವರೆಗೆ ಅಲ್ಲಿ ಚಾರ್ಜರ್ ಹಾಕಬೇಡಿ.

ಇವತ್ತೇ ಒಂದು ಪರೀಕ್ಷೆ ಮಾಡಿ. ಚಾರ್ಜರ್ ತೆಗೆದು ಬ್ಯಾಟರಿಯ ಮೇಲೆ ಲ್ಯಾಪ್‌ಟಾಪ್ ಓಡಲಿ. ಟ್ಯಾಬ್ಲೆಟ್ ಅನ್ನು ಮರದ ಮಣೆಯ ಮೇಲಿಟ್ಟು, ಅದರ ಮೇಲೆ ಮಗನ ಪ್ಲಾಸ್ಟಿಕ್ ಸ್ಕೇಲ್ ಇಟ್ಟು, ಸ್ಕೇಲಿಗೆ ತಾಗಿಸಿ ಒಂದು ಗೆರೆ ಎಳೆಯಿರಿ. ಆಮೇಲೆ ಅರ್ತಿಂಗ್ ಸರಿಯಿರುವ ಬೇರೆ ಸಾಕೆಟ್ಟಿನಲ್ಲಿ, ಅಡುಗೆಮನೆಯ ಮಿಕ್ಸಿಯ ಪ್ಲಗ್ಗಿನಲ್ಲಾದರೂ ಸರಿ, ಚಾರ್ಜರ್ ಹಾಕಿ ಇನ್ನೊಂದು. ಕೊನೆಯಲ್ಲಿ ಹಾಳೆಯ ಮೇಲೆ ಪೆನ್ಸಿಲ್ಲಿನಿಂದ ಮೂರನೆಯದು, ಸ್ಕೇಲ್ ಇಲ್ಲದೆ. ಪೆನ್ಸಿಲ್ ಹಿಡಿದಾಗಲೂ, ಲೋಟ ಹಿಡಿದಾಗಲೂ ಕೈ ನಡುಗಿದರೆ ವೈದ್ಯರಿಗೆ ತೋರಿಸೋಣ, ಅದಕ್ಕೂ ದಾರಿಯಿದೆ. ಆ ಮೂರು ಗೆರೆ ಹೇಗೆ ಬಂದವು ಎಂದು ನನಗೆ ಬರೆಯಿರಿ. ಕಾಯುತ್ತಿರುತ್ತೇನೆ.